ಮಳೆಯೂರಿನ ಸೌದೆ ಕೊಟ್ಟಿಗೆ

ಸೋಮೇಶ್ವರದಿಂದ ಘಾಟಿ ಹತ್ತಿ ಆಗುಂಬೆ ತಲುಪುವ ಪ್ರವಾಸಿಗರು ಮೊದಲು ಧಾವಿಸುವುದು ಸೂರ್ಯಾಸ್ತ ನೋಡುವ ಜಾಗಕ್ಕೆ. ಊರಿನ ಮನೆಗಳ ಹಿತ್ತಲಿನತ್ತ ಕಣ್ಣು ಹಾಯಿಸುವವರು ವಿರಳ. ಆದರೆ ಅಲ್ಲಿರುವ ಸೌದೆ ಕೊಟ್ಟಿಗೆಯೂ ನೋಡತಕ್ಕದ್ದೇ.

ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲ್ಲೂಕಿನ ಈ ಊರಿನಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4508 ಮಿ.ಮೀ. ಸುರಿದದ್ದು ದಾಖಲೆಯಾಗಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಅಪರೂಪ. ಅಡುಗೆಮನೆಗೆ ಗ್ಯಾಸ್ ಬಂದಿದ್ದರೂ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಬಚ್ಚಲಿನ ಹಂಡೆಗೆ, ಅಡಿಕೆ ಬೇಯಿಸುವ ಒಲೆಗೆ ಇಂದಿಗೂ ಸೌದೆಯೇ ಆಧಾರ. ಹೀಗಾಗಿ ಮಳೆಗಾಲದ ಬೆಂಕಿಗೆ ಸಿದ್ಧತೆ ಬೇಸಿಗೆಯಲ್ಲೇ ಆಗಬೇಕು.

ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರೇ ಇರುತ್ತದೆ. ಒಂದು ಲೀಟರ್ ನೀರನ್ನು ಸೊನ್ನೆ ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಸುಮಾರು 420 ಕಿಲೋಜೌಲ್ ಶಾಖ ಸಾಕು. ಆ ಕುದಿನೀರನ್ನು ಪೂರ್ತಿ ಆವಿಯಾಗಿಸಲು ಸುಮಾರು 2260 ಕಿಲೋಜೌಲ್ ಬೇಕು. ವಿದ್ಯಾರ್ಥಿಗಳು ಪಾಠದಲ್ಲಿ ಓದುವ ಗುಪ್ತೋಷ್ಣ ಇದೇ. ಹಸಿ ಸೌದೆ ತನ್ನ ಶಾಖದ ಒಂದು ಪಾಲನ್ನು ಒಳಗಿನ ನೀರಿಗೇ ಖರ್ಚು ಮಾಡುತ್ತದೆ. ಬೆಂಕಿಯ ಕಾವು ಇಳಿದು, ದಹನ ಅಪೂರ್ಣವಾಗಿ, ಹೊಗೆಯೂ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡೂ ಹೆಚ್ಚುತ್ತವೆ. ಬಾಗಿಲು ಕಿಟಕಿ ಮುಚ್ಚಿದ ಮನೆಯಲ್ಲಿ ಅದನ್ನು ಕುಡಿಯುವವರು ಒಲೆಯ ಮುಂದಿನ ತಾಯಿ, ಪಕ್ಕದಲ್ಲಿ ಚಳಿ ಕಾಯಿಸುವ ಮಕ್ಕಳು.

ಒಳ್ಳೆಯ ಕೊಟ್ಟಿಗೆಯ ರಚನೆ ಸರಳ. ಮೇಲೆ ಸೋರದ ಮಾಡು, ಇರಚಲು ಬಡಿಯದಂತೆ ಮುಂದಕ್ಕೆ ಚಾಚಿದ ಸೂರು, ಗಾಳಿಯಾಡಲು ಸಂದು ಬಿಟ್ಟು ಕಟ್ಟಿದ ಅಡಿಕೆ ದಬ್ಬೆಯ ತಡಿಕೆ. ಸೌದೆಯನ್ನು ನೆಲಕ್ಕೆ ತಾಗಿಸದೆ ಕಲ್ಲಿನ ಮೇಲೆ ಹಾಸಿದ ದಬ್ಬೆಗಳ ಮೇಲೆ ಒಟ್ಟುತ್ತಾರೆ. ನೆಲದ ಪಸೆ ಏರುವುದಿಲ್ಲ, ಗೆದ್ದಲಿನ ಕಾಟವೂ ಕಡಿಮೆ. ತೊಗಟೆ ನೀರನ್ನು ಹಿಡಿದಿಡುವುದರಿಂದ ದಪ್ಪ ಕುಂಟೆಗಳನ್ನು ಸೀಳಿಯೇ ಒಣಗಿಸಬೇಕು. ಸುತ್ತಲೂ ಪ್ಲಾಸ್ಟಿಕ್ ಹಾಳೆ ಬಿಗಿದರೆ ಆವಿ ಹೊರಹೋಗದೆ ಬೂಸಲು ಹಿಡಿಯುತ್ತದೆ. ಮೇಲ್ಭಾಗವನ್ನಷ್ಟೇ ಮುಚ್ಚಿದರೆ ಸಾಕು. ಒಣಸೌದೆಯೂ ಮಳೆಗಾಲದ ತೇವದ ಗಾಳಿಯಿಂದ ಪಸೆ ಹೀರುವುದರಿಂದ, ಕೆಲವು ದಿನಕ್ಕೆ ಬೇಕಾದಷ್ಟನ್ನು ಒಳಗೆ, ಕಿಡಿ ತಾಗದಷ್ಟು ದೂರದಲ್ಲಿ ಇಡುವುದು ಜಾಣತನ.

ಸೌದೆ ಒಣಗಿತೇ ಎಂದು ತಿಳಿಯಲು ಮಕ್ಕಳೇ ಪರೀಕ್ಷೆ ಮಾಡಬಹುದು. ಬೇಸಿಗೆಯಲ್ಲಿ ಒಂದು ಸೀಳನ್ನು ವಾರಕ್ಕೊಮ್ಮೆ ತೂಗಿ ಬರೆದಿಡಲಿ. ತೂಕ ಇಳಿಯುವುದು ನಿಂತಾಗ ಸೌದೆ ಆ ಹವೆಯಲ್ಲಿ ಒಣಗಬಹುದಾದಷ್ಟು ಒಣಗಿದೆ ಎಂದರ್ಥ. ಎರಡು ತುಂಡುಗಳನ್ನು ತಾಡಿಸಿದರೆ ಒಣಸೌದೆ ಟಣ್ ಎನ್ನುತ್ತದೆ, ಹಸಿಯದು ದಬ್ ಎನ್ನುತ್ತದೆ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. 2005ರಲ್ಲಿ ಉರಗತಜ್ಞ ರೋಮುಲಸ್ ವಿಟೇಕರ್ ಮಳೆಕಾಡು ಸಂಶೋಧನಾ ಕೇಂದ್ರ ಸ್ಥಾಪಿಸಿದ್ದು ಕಾಳಿಂಗ ಸರ್ಪಗಳ ಈ ಊರಿನಲ್ಲೇ. ಬೆಚ್ಚಗಿನ ಸೌದೆ ರಾಶಿ ಇಲಿಗೂ ಇಷ್ಟ, ಇಲಿ ಹುಡುಕಿ ಬರುವ ಹಾವಿಗೂ ಇಷ್ಟ. ಕತ್ತಲಲ್ಲಿ ಮಕ್ಕಳನ್ನು ಸೌದೆ ತರಲು ಕಳಿಸಬಾರದು. ದೊಡ್ಡವರೂ ದೀಪ ಹಿಡಿದು, ಕೋಲಿನಿಂದ ತಟ್ಟಿಯೇ ಕೈ ಹಾಕಬೇಕು.