ಮಗಳ ಹೆಸರಿನ ಹಣ

ಬಡವರ ಮನೆಯಲ್ಲಿ ಹಣದ ಮುಗ್ಗಟ್ಟು ತಲೆದೋರಿದಾಗ ಮೊದಲು ನಿಲ್ಲುವುದು ಮಗಳ ಓದು. ಮಗ ಓದಿದರೆ ಮನೆಗೆ ಆಸರೆಯಾಗುತ್ತಾನೆ, ಮಗಳು ಎಂದಿದ್ದರೂ ಕೊಟ್ಟ ಮನೆಗೆ ಹೋಗುವವಳು ಎಂಬ ಎಣಿಕೆ ಇದಕ್ಕೆ ಕಾರಣ. ತಮ್ಮನನ್ನು ನೋಡಿಕೊಳ್ಳಲು, ನೀರು ಸೌದೆ ಹೊರಲು, ಕೂಲಿಗೆ ಹೋದ ತಾಯಿಯ ಬದಲು ಒಲೆ ಹಚ್ಚಲು ಅವಳೇ ಬೇಕು. ಇದು ತಂದೆತಾಯಿಯರ ಕಲ್ಲೆದೆಯಲ್ಲ, ಬಡತನದ ಲೆಕ್ಕಾಚಾರ.

ಈ ಲೆಕ್ಕವನ್ನು ತಿದ್ದಲು ಸರ್ಕಾರಗಳು ಕಂಡುಕೊಂಡ ಉಪಾಯವೇ ಷರತ್ತುಬದ್ಧ ಧನಸಹಾಯ. ಮಗಳನ್ನು ಓದಿಸಿದರೆ, ಎಳೆಯ ವಯಸ್ಸಿನಲ್ಲಿ ಮದುವೆ ಮಾಡದಿದ್ದರೆ ಅವಳ ಹೆಸರಿಗೆ ಹಣ ಸಲ್ಲುತ್ತದೆ. ಇಂತಹ ಎರಡು ಯೋಜನೆಗಳು 1994ರಲ್ಲಿ ಆರಂಭವಾದವು.

ಬಾಂಗ್ಲಾದೇಶವು ಗ್ರಾಮೀಣ ಪ್ರೌಢಶಾಲೆಗಳ ಬಾಲಕಿಯರಿಗೆ ವಿದ್ಯಾರ್ಥಿವೇತನವನ್ನು ನೀಡತೊಡಗಿತು. ಶೇಕಡ 75ರಷ್ಟು ಹಾಜರಾತಿ ಇರಬೇಕು, ಪರೀಕ್ಷೆಯಲ್ಲಿ ಶೇಕಡ 45 ಅಂಕ ಬರಬೇಕು, ಮದುವೆಯಾಗಿರಬಾರದು ಎಂಬುವು ಅದರ ಷರತ್ತುಗಳು. ಹಣವು ಹುಡುಗಿಯ ಸ್ವಂತ ಬ್ಯಾಂಕ್ ಖಾತೆಯನ್ನೇ ಸೇರುತ್ತಿತ್ತು. ಓದುತ್ತಿರುವಾಗಲೇ ಕೈಗೆ ಬಂದ ಆ ಹಣ ಓದಿಗೇ ಊರುಗೋಲಾಯಿತು. ಮುಂದಿನ ವರ್ಷಗಳಲ್ಲಿ ಅಲ್ಲಿನ ಪ್ರೌಢಶಾಲೆಗಳಲ್ಲಿ ಬಾಲಕಿಯರ ಸಂಖ್ಯೆ ಬಾಲಕರ ಸಂಖ್ಯೆಯನ್ನು ಮೀರಿತು. ಇದಕ್ಕೆ ಬೇರೆ ಕಾರಣಗಳೂ ಇದ್ದವಾದರೂ ವಿದ್ಯಾರ್ಥಿವೇತನದ ಪಾಲು ಸಣ್ಣದಲ್ಲ.

ಹರಿಯಾಣದ ‘ಅಪ್ನಿ ಬೇಟಿ ಅಪ್ನಾ ಧನ್’ ಯೋಜನೆಯ ದಾರಿ ಬೇರೆ. ಹೆಣ್ಣು ಮಗು ಹುಟ್ಟಿದಾಗ ತಾಯಿಗೆ 500 ರೂಪಾಯಿ ಕೊಟ್ಟು, ಮಗುವಿನ ಹೆಸರಿನಲ್ಲಿ 2,500 ರೂಪಾಯಿಗಳನ್ನು ತೊಡಗಿಸಲಾಗುತ್ತಿತ್ತು. 18 ತುಂಬುವವರೆಗೆ ಅವಿವಾಹಿತಳಾಗಿ ಉಳಿದವಳಿಗೆ 25,000 ರೂಪಾಯಿ ಎಂಬುದು ಸರ್ಕಾರದ ವಾಗ್ದಾನ. ಮೊದಲ ತಂಡದ ಹುಡುಗಿಯರಿಗೆ 2012ರಲ್ಲಿ 18 ತುಂಬಿತು. ಅವರು ಶಾಲೆಯಲ್ಲಿ ಹೆಚ್ಚು ಕಾಲ ಉಳಿದದ್ದು ನಿಜವೆಂದು ಆ ಬಳಿಕ ನಡೆದ ಅಧ್ಯಯನ ತಿಳಿಸಿತು. ಆದರೆ ಬಾಲ್ಯವಿವಾಹ ತಗ್ಗಲಿಲ್ಲ. ಎಷ್ಟೋ ಕುಟುಂಬಗಳು ಆ ಹಣವನ್ನು ಮದುವೆಯ ಖರ್ಚಿಗೆ ಬಂದ ನೆರವೆಂದೇ ಭಾವಿಸಿದ್ದವು. ಮಗಳ ಬಾಳಿಗೆಂದು ಕೂಡಿಟ್ಟದ್ದು ವರದಕ್ಷಿಣೆಯ ಗಂಟಾಗುವ ಅಪಾಯ ಅಲ್ಲಿ ಗೋಚರಿಸಿತು.

ಕರ್ನಾಟಕದಲ್ಲಿ 2006-07ರಲ್ಲಿ ಜಾರಿಗೆ ಬಂದ ‘ಭಾಗ್ಯಲಕ್ಷ್ಮಿ’ ಯೋಜನೆಯು ಬಡ ಕುಟುಂಬದ ಹೆಣ್ಣು ಮಗುವಿನ ಹೆಸರಿನಲ್ಲಿ ಠೇವಣಿಯಿಟ್ಟು, ಜನನ ನೋಂದಣಿ, ಲಸಿಕೆ, 8ನೆಯ ತರಗತಿಯವರೆಗಿನ ಓದು ಇವುಗಳನ್ನು ಷರತ್ತುಗಳಾಗಿ ವಿಧಿಸಿತು. ಅವಳನ್ನು ದುಡಿಮೆಗೆ ಕಳುಹಿಸಬಾರದು, 18ಕ್ಕೆ ಮೊದಲು ಮದುವೆ ಮಾಡಬಾರದು. ಈ ಯೋಜನೆಯ ಮೊದಲ ಮಕ್ಕಳಿಗೆ 2024ರಲ್ಲಿ 18 ತುಂಬಿತು.

ಷರತ್ತು ಮಗಳನ್ನು ಶಾಲೆಯ ಬಾಗಿಲವರೆಗೆ ತರಬಲ್ಲದು. ಆದರೆ ಹಣ ಕೈಸೇರಿದ ದಿನ ಆ ಮನೆಯಲ್ಲಿ ಗಂಡಿನ ಮಾತೋ, ಕಾಲೇಜಿನ ಮಾತೋ ಎಂಬುದನ್ನು ಯಾವ ಆದೇಶವೂ ನಿರ್ಧರಿಸಲಾರದು. ದುಡ್ಡೇ ದೊಡ್ಡಪ್ಪ, ವಿದ್ಯೆ ಅದರಪ್ಪ ಎಂದವರು ನಮ್ಮ ಹಿರಿಯರು. ಆ ಗಾದೆ ಮಗಳಿಗೂ ಸಲ್ಲುತ್ತದೆಂದು ಮನೆಯವರು ಒಪ್ಪಿದಾಗಲೇ ಅವಳ ಹೆಸರಿನ ಹಣ ನಿಜವಾಗಿ ಅವಳದಾಗುತ್ತದೆ.