ಜೋಳದ ಚೀಲಕ್ಕೆ ಏನಂತ ಚೀಟಿ?

ಪುಣೆಗೆ ಬಂದು ಮೂವತ್ತು ವರ್ಷ ದಾಟಿದರೂ ನಮ್ಮ ಮನೆಗೆ ರೊಟ್ಟಿಯ ಜೋಳ ಬರೋದು ಇಂಡಿ ತಾಲೂಕಿನಿಂದಲೇ. ಸೊಲ್ಲಾಪುರದ ಮಾಲದಂಡಿ ಇಲ್ಲಿ ಬೇಕಾದಷ್ಟು ಸಿಗುತ್ತೆ, ಅದೇ ಎರೆಮಣ್ಣು, ಅದೇ ಹಿಂಗಾರಿ ಬೆಳೆ. ಆದ್ರೂ ನಾಲಿಗೆ ಒಪ್ಪಬೇಕಲ್ಲ! ನಮ್ಮ ಸೊಸೈಟಿಯ ಕನ್ನಡದವರು, ಮರಾಠಿಯವರು ಕೂಡಿ ವರ್ಷಕ್ಕೆ ಏಳೆಂಟು ಚೀಲ ನನ್ನ ಅಣ್ಣನ ಮಗನಿಂದ ತರಿಸ್ತೀವಿ.

ಈ ಸಲ ಹತ್ತಿರದ ಅಂಗಡಿಯವರೊಬ್ಬರು ಅವನ ಜೋಳ ಪೂರ್ತಿ ಕೇಳಿದ್ದಾರೆ. ಕಿಲೋಗೆ 20 ರೂಪಾಯಿ ಹೆಚ್ಚು. ಒಂದೇ ಮಾತು: ಪ್ಯಾಕೆಟ್ ಮೇಲೆ 'ಆರ್ಗ್ಯಾನಿಕ್' ಅಂತ ಇರಬೇಕು. ಬೋರ್‌ವೆಲ್ ಸಾಲ ತಲೆ ಮೇಲಿರೋ ಹುಡುಗನಿಗೆ ಇದು ಸಣ್ಣ ಮಾತಲ್ಲ. "ಕಾಕಾ, ಮುತ್ಯಾನ ಕಾಲದಿಂದ ಆ ಹೊಲಕ್ಕ ಯೂರಿಯಾ ಕಂಡಿಲ್ಲ. ಖರೇನ ಐತಲ್ಲ, ಬರದ್ರ ಏನಾತು?" ಅಂತ ಫೋನ್ ಮಾಡಿದ.

ಖರೇನೇ. ಆದ್ರೆ ಬರೆಯೋ ಹಾಗಿಲ್ಲ.

ಎಫ್‌ಎಸ್‌ಎಸ್‌ಎಐ 2017ರಲ್ಲಿ ಸಾವಯವ ಆಹಾರಕ್ಕೆ ಅಂತಲೇ ನಿಯಮ ಮಾಡಿ, 2018ರ ಜುಲೈನಿಂದ ಜಾರಿಗೆ ತಂದಿತು. ಅದರ ಪ್ರಕಾರ ಸಾವಯವ ಅಂತ ಹೇಳಿ ಮಾರಬೇಕಾದರೆ ಎನ್‌ಪಿಒಪಿ ಅಥವಾ ಪಿಜಿಎಸ್-ಇಂಡಿಯಾ ಪ್ರಮಾಣಪತ್ರ ಬೇಕು. 'ಜೈವಿಕ್ ಭಾರತ್' ಗುರುತು ಬಂದದ್ದೂ ಈ ನಿಯಮದ ಜೊತೆಗೇ. ರೈತ ತಾನೇ ಬೆಳೆದದ್ದನ್ನ ತಿನ್ನೋರ ಕೈಗೆ ನೇರವಾಗಿ ಮಾರಿದರೆ ಈ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಅಂದ್ರೆ ನಮ್ಮ ಸೊಸೈಟಿಯ ಗೇಟಿನಲ್ಲಿ ಚೀಲ ಇಳಿಸುವಾಗ ಅವನು ಸಾವಯವ ಅನ್ನಬಹುದು. ಅದೇ ಜೋಳ ರಸ್ತೆ ದಾಟಿ ಅಂಗಡಿ ಸೇರಿತೋ, ಅನ್ನೋ ಹಾಗಿಲ್ಲ!

ಮೊದಲು ನನಗೂ ಇದು ಕಿರಿಕಿರಿ ಅನ್ನಿಸಿತು. ಯೋಚನೆ ಮಾಡಿದರೆ ನಿಯಮದಲ್ಲಿ ಹುರುಳಿದೆ. ಊರಲ್ಲಿ ಮೊದಲು ಜೋಳ ಹಗೇವಿನಲ್ಲಿರ್ತಿತ್ತು. ಇವನೂ ಬೇವಿನ ಎಲೆ ಹಾಕಿಯೇ ಚೀಲ ಕಟ್ತಾನೆ. ಅಂಗಡಿಯವರ ಗೋದಾಮಿನಲ್ಲಿ ನುಸಿ ಹತ್ತಿದರೆ? ಅಲ್ಲಿ ಕಾಳಿಗೆ ಇಡೋ ಗುಳಿಗೆಯ ಹೊಗೆ ಇವನ ಚೀಲ, ಮಂದಿಯ ಚೀಲ ಅಂತ ನೋಡುತ್ತಾ? ಹೊಲ ಸ್ವಚ್ಛ ಇದ್ದರೆ ಸಾಲದು, ಕಾಳು ಸಾಗಿ ಬಂದ ದಾರಿಗೂ ಲೆಕ್ಕ ಬೇಕು.

ಆದ್ರೆ ಅಂಗಡಿಯವರು ಇದ್ಯಾವುದನ್ನೂ ಕೇಳಲಿಲ್ಲ, ಬರೀ ಅಕ್ಷರ ಕೇಳಿದರು. ಅಲ್ಲೇ ನನಗೆ ಸಿಟ್ಟು ಬಂದದ್ದು. ಚೀಟಿ ಮೇಲೆ ಹೆಸರು ಹುಡುಗನದು, ನಾಳೆ ತೊಂದರೆ ಆದರೆ ಸಿಗೋನೂ ಅವನೇ.

ಅಂದ ಹಾಗೆ, ನಮ್ಮ ಬಿಲ್ಡಿಂಗಿನ ಎಷ್ಟೋ ಜನ ಪ್ಯಾಕೆಟ್ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ತೋರಿಸಿ "ನೋಡಿ, ಆರ್ಗ್ಯಾನಿಕ್" ಅಂತಾರೆ. ಆ ನಂಬರ್ ಚಿಪ್ಸ್ ಪ್ಯಾಕೆಟ್ ಮೇಲೂ ಇರುತ್ತೆ ಸ್ವಾಮಿ :) ಎಲೆಯ ಚಿತ್ರ, 'ನ್ಯಾಚುರಲ್' ಅನ್ನೋ ಪದ, ಇವೂ ಸಾವಯವಕ್ಕೆ ಸಾಕ್ಷಿ ಅಲ್ಲ.

ಎನ್‌ಪಿಒಪಿಯಲ್ಲಿ ಹೊರಗಿನ ಸಂಸ್ಥೆ ಬಂದು ತಪಾಸಣೆ ಮಾಡಬೇಕು, ಖರ್ಚು ಜಾಸ್ತಿ. ರಫ್ತು ಮಾಡೋರಿಗೆ ಅದು ಬೇಕೇ ಬೇಕು. ಇವನಿಗೆ ಪಿಜಿಎಸ್ ಸಾಕು ಅಂದೆ. ಅದರಲ್ಲಿ ಅಕ್ಕಪಕ್ಕದ ಕನಿಷ್ಠ 5 ರೈತರು ಗುಂಪು ಕಟ್ಟಿಕೊಂಡು ಒಬ್ಬರ ಹೊಲ ಇನ್ನೊಬ್ಬರು ನೋಡ್ತಾರೆ. ರಾಸಾಯನಿಕ ಬಿಟ್ಟು ಬದಲಾಗ್ತಿರೋ ಹೊಲಕ್ಕೆ 'ಪಿಜಿಎಸ್-ಗ್ರೀನ್', ಪೂರ್ತಿ ಆದ ಮೇಲೆ 'ಪಿಜಿಎಸ್-ಆರ್ಗ್ಯಾನಿಕ್'.

ಅಂಗಡಿಯವರಿಗೆ ಈ ವರ್ಷ ಬರೀ 'ಮಾಲದಂಡಿ ಜೋಳ' ಅಂತ ಕೊಡ್ತೀನಿ, ಬೇಕಾದ್ರ ತೊಗೊಳ್ಳಿ ಅಂದಿದ್ದಾನಂತೆ. ಅವರಿಂದ ಇನ್ನೂ ಉತ್ತರ ಬಂದಿಲ್ಲ. ಗುಂಪಿಗೆ ಮೂವರು ಸಿಕ್ಕಿದ್ದಾರೆ. ಐದನೆಯವರಾಗಿ ಬದುವಿಗೆ ಹತ್ತಿದ ಹೊಲದವರೇ ಬಂದರೆ ಅವರ ಔಷಧ ಇತ್ತ ಹಾರೋದೂ ನಿಲ್ಲುತ್ತೆ. ಅವರು ನಮ್ಮ ದೊಡ್ಡಪ್ಪನ ಮಕ್ಕಳು, ಹತ್ತು ವರ್ಷದಿಂದ ಮಾತಿಲ್ಲ. ಯುಗಾದಿಗೆ ಊರಿಗೆ ಹೋದಾಗ ನಾನೇ ಕೇಳಬೇಕಂತೆ.