ಕಸ ಎಂದು ಗುಡಿಸಿದ್ದರಲ್ಲಿ ಅಜ್ಜಿಯ ಪದಗಳೂ ಹೋದವು

ಇದು 2015ರ ಬೇಸಿಗೆಯ ಮಾತು. ಪತ್ರಿಕೋದ್ಯಮದ ಓದು ಮುಗಿಸಿ ನಾವು ನಾಲ್ವರು ಹಾವೇರಿ ಕಡೆಯ ನಮ್ಮ ಊರಿಗೆ ಮರಳಿದ್ದೆವು. ಕೈಯಲ್ಲಿ ಕೆಲಸ ಇರಲಿಲ್ಲ. ಇದ್ದದ್ದು ನಾಲ್ವರೂ ದುಡ್ಡು ಹಾಕಿ ಕೊಂಡ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಒಂದು ಮೈಕು. ಊರೂರಿನ ಹಾಡು, ಕಥೆ, ಮಾತುಗಳನ್ನು ರೆಕಾರ್ಡ್ ಮಾಡಬೇಕು ಅನ್ನುವ ಆಸೆ ಮಾತ್ರ ದೊಡ್ಡದಿತ್ತು.

ಆಗ ವಿಂಡೋಸ್ 10 ಬರುತ್ತಿದೆ ಎಂಬ ಸುದ್ದಿ ಎಲ್ಲ ಕಡೆ ಇತ್ತು. ಅದರ ಪರೀಕ್ಷಾ ಆವೃತ್ತಿಯನ್ನು ಮೈಕ್ರೋಸಾಫ್ಟ್ 2014ರ ಅಕ್ಟೋಬರ್ 1ರಂದೇ ಜನರ ಕೈಗೆ ಕೊಟ್ಟಿತ್ತು. ಪೂರ್ತಿ ಸಿದ್ಧವಾದ ಆವೃತ್ತಿ ಬಂದದ್ದು 2015ರ ಜುಲೈ 29ಕ್ಕೆ. ಅಲ್ಲಿಯವರೆಗೆ ಕಾಯುವ ತಾಳ್ಮೆ ನಮಗೆಲ್ಲಿ? ಪುಕ್ಕಟೆ ಸಿಗುತ್ತದೆ, ಹೊಸದು ಬೇರೆ. ಹಾಕಿಕೊಂಡೇಬಿಟ್ಟೆವು. ದಿನವೂ ಬಳಸುವ ಮುಖ್ಯ ಕಂಪ್ಯೂಟರಿಗೆ ಇದನ್ನು ಹಾಕಬೇಡಿ ಎಂದು ಕಂಪನಿಯೇ ಎಚ್ಚರಿಸಿತ್ತು. ಓದಿದೆವು, ನಕ್ಕೆವು. ನಮಗೆ ಇದ್ದದ್ದೇ ಒಂದು ಕಂಪ್ಯೂಟರ್.

ಪಕ್ಕದ ಹಳ್ಳಿಯಲ್ಲಿ ಒಬ್ಬ ಅಜ್ಜಿ ಇದ್ದರು. ಬೀಸುವ ಕಲ್ಲಿನ ಪದ ಹಾಡುವುದರಲ್ಲಿ ಅವರ ಹೆಸರು ಹೇಳುತ್ತಿದ್ದರು. ಒಂದು ಸಂಜೆ ಅವರ ಪಡಸಾಲೆಯಲ್ಲಿ ಮೈಕು ಹಚ್ಚಿ ಕೂತೆವು. ಮೊದಲು ನಾಚಿಕೊಂಡರು. ಆಮೇಲೆ ಸೊಸೆಗೆ ಹೇಳಿ ಬೀಸುವ ಕಲ್ಲನ್ನೇ ಹೊರಗೆ ತರಿಸಿದರು. ಕಲ್ಲು ತಿರುಗಿಸುತ್ತ ಒಂದರ ಹಿಂದೆ ಒಂದು ಹತ್ತು ಪದ ಹಾಡಿದರು. ಹನ್ನೊಂದನೆಯದು ನಡೆದಿತ್ತು, ಕರೆಂಟು ಹೋಯಿತು. ನಮ್ಮ ಲ್ಯಾಪ್‌ಟಾಪಿನ ಬ್ಯಾಟರಿ ಯಾವತ್ತೋ ಸತ್ತಿತ್ತು. ಪರದೆ ಕಪ್ಪಾಯಿತು. ನಾವು ಇನ್ನೂ ಸೇವ್ ಮಾಡಿರಲಿಲ್ಲ.

ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪ್ ಹಚ್ಚಿದರೆ ಎತ್ತು ಏರು ಹತ್ತಿದ ಹಾಗೆ ನಿಧಾನ. ಡಿಸ್ಕ್ ತುಂಬಿದೆ ಎಂಬ ಸೂಚನೆ ಬಂತು. ಮೊದಲು ಜಾಗ ಮಾಡೋಣ, ಆಮೇಲೆ ರೆಕಾರ್ಡಿಂಗ್ ನೋಡೋಣ ಎಂದುಕೊಂಡೆವು. ಕಂಪ್ಯೂಟರಿನ ಕಸ ಗುಡಿಸುವ ಒಂದು ಕ್ಲೀನರ್ ತಂತ್ರಾಂಶ ನಮ್ಮಲ್ಲಿತ್ತು. ಹಳೆಯ ವಿಂಡೋಸ್‌ನಲ್ಲಿ ಎಷ್ಟೋ ಸಲ ಓಡಿಸಿದ್ದೆವು, ಏನೂ ಆಗಿರಲಿಲ್ಲ. ಈ ಸಲ ಅದು ನೂರಾರು ತೊಂದರೆಗಳ ಪಟ್ಟಿ ಕೆಂಪು ಅಕ್ಷರದಲ್ಲಿ ತೋರಿಸಿತು. ನಾವು ಒಂದನ್ನೂ ಓದದೆ ಎಲ್ಲ ಚೌಕಕ್ಕೂ ಟಿಕ್ ಹಾಕಿ ಒತ್ತಿದೆವು. ಹಲವು ಜಿಬಿ ಜಾಗ ಖಾಲಿಯಾಯಿತು. ಖುಷಿಯೋ ಖುಷಿ.

ಲ್ಯಾಪ್‌ಟಾಪ್ ಮುಚ್ಚಿ ತೆರೆದಾಗ ಸ್ಟಾರ್ಟ್ ಬಟನ್ ಒತ್ತಿದರೂ ಏನೂ ತೆರೆಯಲಿಲ್ಲ. ಸೆಟ್ಟಿಂಗ್ಸ್ ತೆರೆಯಲಿಲ್ಲ. ಪೇಟೆಯ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆವು. ಅಂಗಡಿಯ ಅಣ್ಣ ಎಲ್ಲ ಕೇಳಿಸಿಕೊಂಡು, ನೀವು ಕಸ ಅಂತ ಮೂರು ವಸ್ತು ಎಸೆದೀರಿ ನೋಡ್ರಿ ಅಂದರು.

ಮೊದಲನೆಯದು ರಿಜಿಸ್ಟ್ರಿ. ಪಂಚಾಯ್ತಿಯ ಆಸ್ತಿ ರಿಜಿಸ್ಟರ್ ಇದ್ದ ಹಾಗೆ, ಕಂಪ್ಯೂಟರಿನಲ್ಲಿ ಯಾವ ತಂತ್ರಾಂಶ ಎಲ್ಲಿದೆ, ಹೇಗೆ ನಡೆಯಬೇಕು ಎಂಬುದನ್ನು ವಿಂಡೋಸ್ ಅಲ್ಲಿ ಬರೆದಿಡುತ್ತದೆ. ಕ್ಲೀನರ್ ತಯಾರಾದದ್ದು ಹಳೆಯ ವಿಂಡೋಸ್ ನೋಡಿಕೊಂಡು. ಹೊಸ ಬಡಾವಣೆಯ ಮನೆಗಳು ಅದಕ್ಕೆ ಗೊತ್ತಿಲ್ಲ. ಇಲ್ಲಿ ಮನೆಯೇ ಇಲ್ಲ ಎಂದು ಹೆಸರು ಹೊಡೆದುಹಾಕಿರಬಹುದು. ಅದಕ್ಕೇ ಸ್ಟಾರ್ಟ್ ಬಟನ್ ಸತ್ತಿರಬೇಕು ಎಂದರು. ಪರೀಕ್ಷಾ ಆವೃತ್ತಿಯಂತೂ ಕೆಲವು ವಾರಕ್ಕೊಮ್ಮೆ ಬದಲಾಗುತ್ತಿತ್ತು. ಇಂಥ ರಿಜಿಸ್ಟ್ರಿ ಕ್ಲೀನರ್ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿದ್ದೂ ನಮಗೆ ಗೊತ್ತಾದದ್ದು ಆಮೇಲೆ.

ಎರಡನೆಯದು ವಿಂಡೋಸ್ ಓಲ್ಡ್ ಎಂಬ ಫೋಲ್ಡರ್. ಹೊಸ ಆವೃತ್ತಿ ಬಂದಾಗ ಹಳೆಯದನ್ನು ವಿಂಡೋಸ್ ಅದರಲ್ಲಿ ಕೆಲ ದಿನ ಕಟ್ಟಿಡುತ್ತದೆ. ಹೊಸದು ಕೈಕೊಟ್ಟರೆ ಹಿಂದಿರುಗಲು ಅದೇ ದಾರಿ. ಗಾತ್ರ ದೊಡ್ಡದು ಎಂದು ಅದನ್ನೇ ಮೊದಲು ಗುಡಿಸಿದ್ದೆವು.

ಮೂರನೆಯದು ಟೆಂಪ್ ಫೋಲ್ಡರ್. ಅದನ್ನು ಕೇಳಿ ನಾವು ಮಾತೇ ನಿಲ್ಲಿಸಿದೆವು. ನಮ್ಮ ರೆಕಾರ್ಡಿಂಗ್ ತಂತ್ರಾಂಶ ಧ್ವನಿಯನ್ನು ಆಗಿಂದಾಗ ಅಲ್ಲಿ ಬರೆದಿಡುತ್ತಿತ್ತಂತೆ. ಕರೆಂಟು ಹೋದರೂ ಮುಂದಿನ ಸಲ ತೆರೆದಾಗ, ಸೇವ್ ಆಗದ ರೆಕಾರ್ಡಿಂಗ್ ಮರಳಿ ತರಬೇಕೇ ಎಂದು ಅದೇ ಕೇಳುತ್ತಿತ್ತಂತೆ. ಅಂದರೆ ಆ ಬೆಳಿಗ್ಗೆ ಅಜ್ಜಿಯ ಹತ್ತು ಪದಗಳೂ ಲ್ಯಾಪ್‌ಟಾಪಿನಲ್ಲೇ ಇದ್ದಿರಬೇಕು. ಕ್ಲೀನರ್ ಒತ್ತುವ ಮೊದಲು ರೆಕಾರ್ಡಿಂಗ್ ತಂತ್ರಾಂಶ ತೆರೆದಿದ್ದರೆ ಸಾಕಿತ್ತು. ಅಂಗಡಿಯ ಅಣ್ಣ ಎರಡು ದಿನ ಹುಡುಕಿದರು. ಆ ಜಾಗದ ಮೇಲೆ ಬೇರೇನೋ ಬರೆದುಹೋಗಿತ್ತು. ಏನೂ ಸಿಗಲಿಲ್ಲ.

ನಮ್ಮ ಮನೆಗಳಲ್ಲಿ ಸೌತೆ, ಹೀರೆ ಬೀಜಕ್ಕೆ ಬೂದಿ ಹಚ್ಚಿ ಗಂಟು ಕಟ್ಟಿ ಅಟ್ಟದ ಮೇಲೆ ಇಡುತ್ತಾರೆ. ಗೊತ್ತಿಲ್ಲದವರು ಅಟ್ಟ ಗುಡಿಸಿದರೆ ಅದು ಬೂದಿಗಂಟು, ಮೊದಲು ತಿಪ್ಪೆಗೆ ಹೋಗುವುದೇ ಅದು. ಗುಡಿಸಿದವನ ತಪ್ಪು ಸ್ವಲ್ಪ. ಏನಿದೆ ಎಂದು ಹೇಳದೆ ಅಟ್ಟ ಹತ್ತಿಸಿದವರ ತಪ್ಪು ಬಹಳ. ನಮ್ಮದು ಎರಡನೆಯ ತಪ್ಪು.

ಈಗ ನಿಮ್ಮ ಕೈಯಲ್ಲಿ ಇರುವುದು ಫೋನು. ಅಲ್ಲಿಯೂ ಇದೇ ಕಥೆ. ಹೊಸ ಆಂಡ್ರಾಯ್ಡ್‌ನ ಬೀಟಾ, ಅಂದರೆ ಇನ್ನೂ ಪರೀಕ್ಷೆಯಲ್ಲಿರುವ ಆವೃತ್ತಿ, ಹಾಕಿಕೊಳ್ಳಿ ಎಂದು ಯಾರಾದರೂ ಹುರಿದುಂಬಿಸಿದರೆ, ಮನೆಯಲ್ಲಿ ಇನ್ನೊಂದು ಫೋನ್ ಇದೆಯೇ ಎಂದು ಮೊದಲು ಕೇಳಿಕೊಳ್ಳಿ. ಜಾಗ ಸಾಲದಿದ್ದರೆ ಫೋನಿನ ಸೆಟ್ಟಿಂಗ್ಸ್‌ನಲ್ಲೇ ಸ್ಟೋರೇಜ್ ತೆರೆದು, ಯಾವುದು ಎಷ್ಟು ತುಂಬಿದೆ ಎಂದು ನೋಡಿ, ಬೇಡದ್ದನ್ನು ನಿಮ್ಮ ಕೈಯಿಂದಲೇ ಅಳಿಸಿ. ಕ್ಯಾಶ್ ಅಳಿಸಿದರೆ ಆ್ಯಪ್ ಅದನ್ನು ಮತ್ತೆ ತುಂಬಿಕೊಳ್ಳುತ್ತದೆ. ಡೇಟಾ ಅಳಿಸಿದರೆ ಆ್ಯಪ್‌ನಲ್ಲಿ ನೀವು ಇಟ್ಟದ್ದೂ ಹೋಗಬಹುದು. ಎರಡೂ ಬಟನ್ ಅಕ್ಕಪಕ್ಕದಲ್ಲೇ ಇರುತ್ತವೆ, ಅವಸರ ಬೇಡ. ಮುಖ್ಯವಾದ ಫೋಟೊ, ಧ್ವನಿ ಇನ್ನೊಂದು ಕಡೆ ನಕಲಾದ ಮೇಲೆಯೇ ಗುಡಿಸುವ ಕೆಲಸಕ್ಕೆ ಕೈಹಾಕಿ.

ತಿಂಗಳು ಬಿಟ್ಟು ಧೈರ್ಯ ಮಾಡಿ ಅಜ್ಜಿಯ ಮನೆಗೆ ಹೋದೆವು. ನಡೆದದ್ದು ಹೇಳಿದೆವು. ಅಜ್ಜಿ ಬೈಯಲಿಲ್ಲ. “ನಿಮ್ಮ ಹೊಸಾ ಪೆಟಗೀನ ಮರತ್ಬಿಟ್ಟೈತಿ, ಇನ್ನ ನನ್ನ ಹಳೀ ತಲಿ ಕೇಳ್ತೀರೇನ್ರೋ ತಮ್ಮಾ?” ಎಂದು ನಕ್ಕರು. ಮತ್ತೆ ಕಲ್ಲಿನ ಮುಂದೆ ಕೂತರು. ಆ ದಿನ ನಾಲ್ಕು ಪದ ನೆನಪಾದವು. ಉಳಿದವು ಎಷ್ಟು ಹೊತ್ತು ಕೂತರೂ ಬರಲಿಲ್ಲ.

ಆ ನಾಲ್ಕನ್ನು ಒಂದೊಂದು ಮುಗಿದ ಕೂಡಲೇ ಸೇವ್ ಮಾಡಿದೆವು. ಈಗ ಅವು ಮೂರು ಕಡೆ ಇವೆ. ಕಳೆದ ಆರನ್ನು ನಾವು ಇನ್ನೂ ಊರೂರು ಕೇಳುತ್ತಿದ್ದೇವೆ. ನಿಮ್ಮ ಮನೆಯಲ್ಲಿ ಬೀಸುವ ಪದ ಬಲ್ಲ ಅಜ್ಜಿ ಇದ್ದರೆ, ಇವತ್ತೇ ಪಕ್ಕದಲ್ಲಿ ಕೂತು ಫೋನು ಹಚ್ಚಿರಿ.